ಒನ್ಸ್ ಮೋರ್ ಇಲ್ಲದ ಪದ್ಯ

ಜಾವಗಲ್ಲಿನ ಸಂತೆ ಮೈದಾನದಲ್ಲಿ ನನ್ನ ಭಾವನ ದನಿ ಹರಿದುಹೋದಾಗ ನಾನು ಅವರ ಎಡಗಡೆಗೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಮಂತ್ರಿಯ ವೇಷದಲ್ಲಿ ನಿಂತಿದ್ದೆ. ಹಿಂದಿನ ಸಂಜೆ ಶುರುವಾದ ನಾಟಕ ಕೊನೆಯ ಅಂಕಕ್ಕೆ ಬಂದಿತ್ತು. ಮೂಡಲ ಕಡೆ ತೆಂಗಿನ ತಲೆಗಳು ಕಾಣತೊಡಗಿದ್ದವು. ಟ್ಯೂಬ್‌ಲೈಟಿನ ಬೆಳಕು ಬಿಳಿಚಿಕೊಂಡಿತ್ತು. ರಾಜ್ಯ ಕಳೆದುಕೊಂಡ ರಾಜ ಸತ್ತ ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಾಡುವ ಪದ್ಯ ಅದು. ಅದೊಂದಕ್ಕಾಗಿಯೇ ಕಂಬಳಿ ಹೊದ್ದ ಜನ ಮನೆಗೆ ಹೋಗದೆ ಕೂತಿದ್ದರು.

ಭಾವ ಹಾಡಿದರು. "ಒನ್ಸ್ ಮೋರ್" ಎಂದು ಜನ ಕೂಗಿದರು. ಭಾವ ಮತ್ತೆ ಹಾಡಿದರು. ಜನ ಮತ್ತೆ ಕೂಗಿದರು.

ನಮ್ಮ ಕಡೆಯ ನಾಟಕ ನೋಡದವರಿಗೆ ಇದನ್ನು ಬಿಡಿಸಿ ಹೇಳಬೇಕು. ಪದ್ಯ ಹಿಡಿಸಿದರೆ ಜನ ಒನ್ಸ್ ಮೋರ್ ಎನ್ನುತ್ತಾರೆ. ಆಗ ಹಾರ್ಮೋನಿಯಂ ಮೇಷ್ಟ್ರು ನಟನ ಮುಖ ನೋಡುವುದಿಲ್ಲ, ಕೇಳುವುದೂ ಇಲ್ಲ. ಪದ್ಯದ ಎತ್ತುಗಡೆಯನ್ನು ಮೊದಲಿನಿಂದ ನುಡಿಸಿಬಿಡುತ್ತಾರೆ. ನುಡಿಸಿದರೆ ನಟ ಹಾಡಲೇಬೇಕು. ಕಥೆ ಎಲ್ಲಿಗೆ ಹೋಗಿದ್ದರೂ ಹಿಂದಕ್ಕೆ ಬರಬೇಕು. ಸತ್ತವರು ಪರದೆಯ ಹಿಂದೆ ಚಹಾ ಕುಡಿಯುತ್ತಿದ್ದರೆ ಲೋಟ ಇಟ್ಟು ಬಂದು ಮತ್ತೆ ಮಲಗಬೇಕು. ಕೇಳಿದಷ್ಟು ಸಲ ಹಾಡುವುದು ನಟನ ಮರ್ಯಾದೆ. ಹಾಡದಿದ್ದರೆ ಅದು ಜನಕ್ಕೆ ಮಾಡಿದ ಅವಮಾನ. ಹೀಗೆಂದು ಯಾರೂ ನಮಗೆ ಕಲಿಸಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆವತ್ತು ಮೂರನೆಯ ಸಲ ಎತ್ತುಗಡೆ ಬಂದಾಗ ಭಾವನ ಕತ್ತಿನ ನರಗಳು ಬಣ್ಣದ ಕೆಳಗೂ ಕಾಣುತ್ತಿದ್ದವು. ಮೊದಲ ಸಾಲು ಸರಿಯಾಗಿಯೇ ಬಂತು. ಎರಡನೆಯ ಸಾಲಿನಲ್ಲಿ ದನಿ ಮೇಲಕ್ಕೇರಿ ನಿಲ್ಲಬೇಕಾದ ಜಾಗದಲ್ಲಿ ಒದ್ದೆ ಬಟ್ಟೆ ಹರಿದಂಥ ಸದ್ದಾಯಿತು. ಆಮೇಲೆ ಏನೂ ಇಲ್ಲ. ಬಾಯಿ ತೆರೆದೇ ಇತ್ತು. ಬಲಗೈ ಹಾಡುವಾಗ ಹೇಗೆ ಮೇಲೆ ಹೋಗುತ್ತಿತ್ತೋ ಹಾಗೆ ಹೋಗಿ, ತುದಿಯಲ್ಲಿ ಬೆರಳು ಬಿಡಿಸಿಕೊಂಡು ನಿಂತಿತು. ದನಿ ಮಾತ್ರ ಇರಲಿಲ್ಲ.

ಜನ ಅದನ್ನು ಅಭಿನಯವೆಂದುಕೊಂಡರು. ದುಃಖದಿಂದ ರಾಜನ ಗಂಟಲು ಕಟ್ಟಿತೆಂದು ತಿಳಿದು ಚಪ್ಪಾಳೆ ತಟ್ಟಿದರು. ಯಾರೋ ಹಿಂದಿನಿಂದ ಇನ್ನೊಮ್ಮೆ ಒನ್ಸ್ ಮೋರ್ ಎಂದರು. ಭಾವ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಏನಿತ್ತೆಂದು ಇವತ್ತಿಗೂ ನಾನು ಖಚಿತವಾಗಿ ಹೇಳಲಾರೆ. ಹೆದರಿಕೆ ಎಂದು ಅಕ್ಕನಿಗೆ ಹೇಳಿದ್ದೆ. ಈಗ ಅನ್ನಿಸುವುದು, ಅವರು ಕೇಳಿಸಿಕೊಳ್ಳುತ್ತಿದ್ದರು. ಹೋದದ್ದು ಎಲ್ಲಿಗೆ ಹೋಯಿತೆಂದು ಕಿವಿಗೊಟ್ಟಿದ್ದರು. ಉಳಿದ ಸಾಲುಗಳನ್ನೂ ಮುಂದಿನ ಪದ್ಯಗಳನ್ನೂ ಮೇಷ್ಟ್ರು ಹಾರ್ಮೋನಿಯಂ ಪೆಟ್ಟಿಗೆಯ ಹಿಂದಿನಿಂದ ತಾವೇ ಹಾಡಿ ಮುಗಿಸಿದರು.

ಭಾವ ಹಳೇಬೀಡಿನ ಪಕ್ಕದ ಹಳ್ಳಿಯವರು. ಮೊದಲು ಬಣ್ಣ ಹಚ್ಚಿದ್ದು ಹಳೇಬೀಡಿನಲ್ಲೇ, ಸನ್ಯಾಸಿಯ ಪಾತ್ರಕ್ಕೆ. ಆ ಪಾತ್ರಕ್ಕಿದ್ದದ್ದು ಒಂದೇ ಪದ್ಯ. ಆ ಒಂದು ಪದ್ಯ ಕೇಳಿದವರು ಮುಂದಿನ ವರ್ಷ ಅವರನ್ನು ರಾಜನನ್ನಾಗಿ ಮಾಡಿದರು. ಆಮೇಲೆ ಅರಸೀಕೆರೆ, ಬೇಲೂರು ಸೀಮೆಯಲ್ಲಿ ಎಲ್ಲಿ ನಾಟಕವಾದರೂ ರಾಜ ಅವರೇ. ಹಾರ್ಮೋನಿಯಂನ ಮೂರನೆಯ ಕಪ್ಪು ಮನೆಯ ಸ್ವರವನ್ನು ಷಡ್ಜ ಮಾಡಿಕೊಂಡು ಅಷ್ಟು ಎತ್ತರದಲ್ಲಿ ಗಂಡಸರು ಹಾಡುವುದು ಸುಲಭವಲ್ಲ. ಬಹಳ ಜನ ಒಂದನೆಯ ಕಪ್ಪಿನಲ್ಲೇ ಸುಸ್ತಾಗುತ್ತಾರೆ. ಭಾವನಿಗೆ ಅದು ನೀರು ಕುಡಿದ ಹಾಗಿತ್ತು. ಜೀಪಿನಲ್ಲಿ ಮೈಕು ಕಟ್ಟಿಕೊಂಡು ನಾಟಕ ಸಾರುವವರು ಅವರ ಹೆಸರಿಗಿಂತ ಮೊದಲು ಶ್ರುತಿಯನ್ನು ಕೂಗುತ್ತಿದ್ದರು: "ಕಪ್ಪು ಮೂರರಲ್ಲಿ ಹಾಡುವ..."

ಹಗಲು ಹೊತ್ತು ಅವರು ಅರಸೀಕೆರೆಯ ಮಂಡಿಯೊಂದರಲ್ಲಿ ತೆಂಗಿನಕಾಯಿ ಹರಾಜು ಕೂಗುತ್ತಿದ್ದರು. ರಾಶಿಯಿಂದ ರಾಶಿಗೆ ನಡೆಯುತ್ತ, ನಾರಿನ ಧೂಳಿನಲ್ಲಿ, ನೂರು ಜನದ ಗಲಾಟೆಯ ಮೇಲೆ ಕೇಳುವಂತೆ ದರ ಕೂಗಬೇಕು. ನಾನು ಅದೇ ಊರಿನ ರೈಲ್ವೆ ಪಾರ್ಸೆಲ್ ಆಫೀಸಿನಲ್ಲಿದ್ದೆ. ಹಾಡು ಬಾರದ ನನ್ನನ್ನು ನಾಟಕಕ್ಕೆ ಎಳೆದವರು ಭಾವನೇ. "ಮಂತ್ರಿಗೆ ಹಾಡಿಲ್ಲ ಕಣ್ಲಾ, ನಿಂತ್ಕಂಡ್ರೆ ಸಾಕು. ನೀನು ಚೆನ್ನಾಗಿ ನಿಂತ್ಕೊತೀಯ," ಎಂದಿದ್ದರು.

ಜಾವಗಲ್ಲಿನಿಂದ ಬಂದ ವಾರದಲ್ಲೇ ಹಾಸನದ ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಭಾವನ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ. ಡಾಕ್ಟರು ಕನ್ನಡಿ ಇಳಿಸಿ ನೋಡಿ, ಚಪ್ಪಲಿ ಕಚ್ಚಿದ ಜಾಗದಲ್ಲಿ ಆಣಿ ಬೆಳೆಯುತ್ತದಲ್ಲ, ಹಾಗೆ ದನಿಯ ತಂತುಗಳ ಮೇಲೆ ಗಂಟಾಗಿದೆ ಎಂದರು.

"ಏನು ಕೆಲಸ ಮಾಡ್ತೀರಿ?"

ಉತ್ತರ ಕೊಟ್ಟದ್ದು ಅಕ್ಕ. "ಹಗಲು ಕೂಗ್ತಾರೆ, ರಾತ್ರಿ ಹಾಡ್ತಾರೆ, ಮಧ್ಯೆ ಟೈಮ್ ಸಿಕ್ಕಿದ್ರೆ ನನ್ ಮೇಲೆ ರೇಗ್ತಾರೆ ಸಾರ್."

ಡಾಕ್ಟರು ನಗಲಿಲ್ಲ. "ಮೂರರಲ್ಲಿ ಎರಡು ಬಿಡಬೇಕು."

"ಯಾವೆರಡು?" ಎಂದು ಭಾವ ಪಿಸುಗುಟ್ಟಿದರು.

"ಪಿಸುಗುಟ್ಟೋದೂ ಬೇಡ. ಅದು ಕೂಗೋದಕ್ಕಿಂತ ಕೆಟ್ಟದ್ದು."

ಆಮೇಲೆ ಡಾಕ್ಟರು ನಿಧಾನವಾಗಿ ಹೇಳಿದರು: ನಾನು ಹೇಳುವವರೆಗೆ ಪೂರ್ತಿ ಮೌನ. ಗಂಟು ಕರಗಿದರೆ ಕೆಳಗಿನ ಶ್ರುತಿಯಲ್ಲಿ ಹಾಡಬಹುದು. ಆದರೆ ಒಂದೇ ಎತ್ತರಕ್ಕೆ ಮತ್ತೆ ಮತ್ತೆ ಏರಿಸಿದರೆ ಇನ್ನೊಮ್ಮೆ ಹರಿಯುತ್ತದೆ. ಆಗ ಹಾಡಿರಲಿ, ಹೆಂಡತಿಯನ್ನು ಕರೆಯುವುದಕ್ಕೆ ದನಿ ಉಳಿಯುತ್ತದೆಂಬ ಭರವಸೆಯನ್ನೂ ನಾನು ಕೊಡಲಾರೆ. ಭಾವ ತಲೆಯಾಡಿಸಿದರು. ಹೊರಗೆ ಬಂದವರೇ ಎದುರಿನ ಅಂಗಡಿಯಲ್ಲಿ ಒಂದು ಸ್ಲೇಟು, ಒಂದು ಡಬ್ಬಿ ಬಳಪ ಕೊಂಡರು. ಬಸ್ಸಿನಲ್ಲಿ ಕೂತು ಬರೆದ ಮೊದಲ ಮಾತು: "ರಾಜನ ಪಾರ್ಟು ಯಾರಿಗೂ ಕೊಡಬೇಡಿ ಅಂತ ಮೇಷ್ಟ್ರಿಗೆ ಹೇಳು."

ಮನೆಯಲ್ಲಿ ಮೌನ ಶುರುವಾಯಿತು. "ಮದ್ವೆ ಆದ್ಮೇಲೆ ಇದೇ ಮೊದ್ಲು ಈ ಮನೇಲಿ ನನ್ ಮಾತು ನಡೀತಾ ಇರೋದು," ಎಂದು ಅಕ್ಕ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಆದರೆ ಅಡುಗೆಮನೆಯಲ್ಲಿ ಪಾತ್ರೆ ಇಡುವಾಗಲೂ ಸದ್ದಾಗದಂತೆ ಇಡತೊಡಗಿದ್ದಳು.

ಮಂಡಿಯಲ್ಲಿ ಭಾವ ಕೆಲಕಾಲ ಒಂದು ಎಣ್ಣೆ ಡಬ್ಬ ಬಡಿಯುತ್ತ, ದರವನ್ನು ಸ್ಲೇಟಿನ ಮೇಲೆ ಬರೆದು ಎತ್ತಿ ತೋರಿಸಿ ಹರಾಜು ನಡೆಸಿ ನೋಡಿದರು. ವ್ಯಾಪಾರಸ್ಥರಿಗೆ ತಮಾಷೆಯೋ ತಮಾಷೆ. "ಏನಣ್ಣೋ, ರಾಜಂಗೆ ಮೂಕಿ ಪಿಚ್ಚರ್‌ನಾಗೆ ಚಾನ್ಸ್ ಸಿಕ್ತಾ?" ಎಂದು ಒಬ್ಬ. "ಅಕ್ಷರ ದಪ್ಪಕ್ಕೆ ಬರಿಯಣ್ಣ, ಕನ್ನಡಕ ತಂದಿಲ್ಲ," ಎಂದು ಇನ್ನೊಬ್ಬ. ಒಂದು ಸಂಜೆ ಭಾವ ಸ್ಲೇಟಿನಲ್ಲಿ "ಕೂಗೋದು ಬಿಟ್ಟೆ" ಎಂದು ಬರೆದು ಮಂಡಿಯವರ ಮುಂದಿಟ್ಟು, ಮರುದಿನದಿಂದ ಹಿಂದಿನ ಗೋದಾಮಿನಲ್ಲಿ ಹೆಂಗಸರ ಜೊತೆ ಕೂತು ಕೊಬ್ಬರಿ ಆರಿಸತೊಡಗಿದರು. ಬೇರೆಯವನು ಕೂಗುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ನಾನು ಒಮ್ಮೆ ಹೋದಾಗ, ಅವನು ದರ ಏರಿಸುವಾಗಲೆಲ್ಲ ಭಾವನ ಕತ್ತು ತಾನಾಗಿ ಬಿಗಿಯುವುದನ್ನು, ಅದನ್ನವರು ತಿಳಿದು ಸಡಿಲಿಸಿಕೊಳ್ಳುವುದನ್ನು ನೋಡಿದೆ.

ಆ ದಿನಗಳಲ್ಲೇ ಒಂದು ಭಾನುವಾರ ಮಧ್ಯಾಹ್ನ ಅಕ್ಕ ಭಾವ ಇಬ್ಬರೂ ನನ್ನ ಕ್ವಾರ್ಟರ್ಸಿಗೆ ಊಟಕ್ಕೆ ಬಂದಿದ್ದರು. ನಮ್ಮ ಸಾಲಿಗೆ ಹೊಸದಾಗಿ ಕೇಬಲ್ ಬಂದಿತ್ತು. ಚಾನೆಲ್ ತಿರುಗಿಸುವಾಗ ಒಬ್ಬ ದಪ್ಪ ಮನುಷ್ಯ ಕಪ್ಪು ಕೋಟು ತೊಟ್ಟು ಹಾಡುತ್ತಿದ್ದ. ಭಾವ ನನ್ನ ಕೈಯಿಂದ ರಿಮೋಟು ಕಿತ್ತುಕೊಂಡರು.

ಅದು ಇಟಲಿಯ ಒಬ್ಬ ಹಳೆಯ ಗಾಯಕನ ಬದುಕಿನ ಮೇಲಿನ ಕಾರ್ಯಕ್ರಮ. ಅವರ ದೇಶದಲ್ಲಿ ನಾಟಕವನ್ನು ಪೂರ್ತಿ ಹಾಡಿಕೊಂಡೇ ಆಡುತ್ತಾರಂತೆ. ಗಂಡು ದನಿಗಳಲ್ಲಿ ಎತ್ತರದ ದನಿಯವರಿಗೆ ನಾಯಕನ ಪಾತ್ರವಂತೆ. ಆ ಮುದುಕ ತನ್ನ ಭಾಷೆಯಲ್ಲಿ ಮಾತಾಡುತ್ತಿದ್ದ, ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ನಾನು ತಿಳಿದಷ್ಟನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ಗಾರೆ ಕೆಲಸದವನ ಮಗ. ಊರಿನ ಚರ್ಚಿನಲ್ಲಿ ಹಾಡುತ್ತಿದ್ದವನನ್ನು ಯಾರೋ ಪಟ್ಟಣಕ್ಕೆ ಕರೆದೊಯ್ದರು. ಮೊದಲು ಒಬ್ಬ ಸೇವಕನ ಪಾತ್ರ, ಆಮೇಲೆ ಪ್ರೇಮಿ, ಆಮೇಲೆ ರಾಜಕುಮಾರ. ಒಂದು ಹಾಡಿನ ತುದಿಯ ಸ್ವರಕ್ಕಾಗಿ ಜನ ಊರೂರುಗಳಿಂದ ಬರುತ್ತಿದ್ದರು. ಬಂದವರಿಗೆಲ್ಲ ಅದನ್ನು ಕೊಟ್ಟ, ಕೊಟ್ಟ, ಒಂದು ಸಂಜೆ ಅದು ತುಂಬಿದ ಸಭೆಯಲ್ಲಿ ಒಡೆಯಿತು. ಹೂವು ಎಸೆದವರೇ ಸಿಳ್ಳೆ ಹಾಕಿ ಹೊರಗೆ ಕಳಿಸಿದರು. ಬಹಳ ಕಾಲ ಹಾಡಲಿಲ್ಲ. ಆಮೇಲೆ ಬೇರೊಬ್ಬ ಗುರುವಿನ ಹತ್ತಿರ ಉಸಿರಾಟವನ್ನು ಮೊದಲಿನಿಂದ ಕಲಿತ. ತನ್ನ ಗಂಟಲಿಗೆ ಒಗ್ಗದ ಪಾತ್ರಗಳನ್ನು ಬಿಟ್ಟ. ಕೂದಲು ಬೆಳ್ಳಗಾಗುವವರೆಗೂ ಉಳಿದವನ್ನು ಹಾಡಿದ.

"ಅವ್ನ ಹೆಂಡ್ತಿ ಏನಂದ್ಲಂತೆ? ಅದ್ನ ಹೇಳೋ," ಎಂದಳು ಅಕ್ಕ.

ಭಾವ ಸ್ಲೇಟು ಎತ್ತಿದರು. "ಒನ್ಸ್ ಮೋರ್ ಅಲ್ಲೂ ಐತಾ ಕೇಳು."

"ಯಾರನ್ನ ಕೇಳ್ಲಿ ಭಾವ? ಅದು ಟೀವಿ!"

ಆದರೆ ಮಾತು ಅಲ್ಲಿಗೇ ಬಂತು. ಜನ ಮತ್ತೆ ಹಾಡೆಂದು ಕೂಗುವುದು ಅವರಲ್ಲೂ ಇದೆ. ಕೆಲವು ರಂಗಮಂದಿರಗಳಲ್ಲಿ ಮಾತ್ರ ಹಾಗೆ ಹಾಡಕೂಡದೆಂಬ ಕಟ್ಟಳೆ ಇದೆ. ಕಟ್ಟಳೆ ಇಲ್ಲದ ಕಡೆ ಹಾಡದೆ ನಿಲ್ಲುವುದನ್ನು ನಾನೇ ಕಲಿತೆ, ಹಾಡುವುದಕ್ಕಿಂತ ಅದನ್ನು ಕಲಿಯುವುದು ಕಷ್ಟವಾಯಿತು ಎಂದು ಆ ಮುದುಕ ಹೇಳಿದ. ಭಾವ ಕೈಸನ್ನೆ ಮಾಡಿ ನನ್ನಿಂದ ಆ ಮಾತನ್ನು ಮತ್ತೆ ಹೇಳಿಸಿದರು. ಆಮೇಲೆ ಹಳೆಯ ಚಿತ್ರವೊಂದರಲ್ಲಿ ಅವನು ಹಾಡುವುದನ್ನು ತೋರಿಸಿದಾಗ ಭಾವ ಕಣ್ಣು ಮುಚ್ಚಿ, ತಮ್ಮ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡರು. ಹಾಡು ಮುಗಿದ ಮೇಲೆ ಬರೆದರು: "ಗಂಟಲಿಗೆ ಕೆಲಸಾನೇ ಕೊಡ್ತಿಲ್ಲ ಅವನು."

ಮಳೆಗಾಲ ಮುಗಿಯುವ ಹೊತ್ತಿಗೆ ಡಾಕ್ಟರು ಮೆಲ್ಲಗೆ ಮಾತಾಡಬಹುದು, ಗುನುಗಬಹುದು ಎಂದರು. ಭಾವನ ಹೊಸ ದನಿಗೆ ಅಂಚಿನಲ್ಲಿ ಸ್ವಲ್ಪ ಮಸಿ ಹತ್ತಿದ ಹಾಗಿತ್ತು. ಗುನುಗುವುದಕ್ಕೆ ಅವರು ಹುಲಿಕೆರೆಯ ಕೊಳವನ್ನು ಆರಿಸಿಕೊಂಡರು. ಚಿಕ್ಕಂದಿನಲ್ಲಿ ಈಜಾಡಿದ ಜಾಗ. ಭಾನುವಾರ ಬೆಳಿಗ್ಗೆ ಅರಸೀಕೆರೆಯಿಂದ ಬಸ್ಸು ಹಿಡಿದು ಹಳೇಬೀಡಿನಲ್ಲಿ ಇಳಿದು, ಅಲ್ಲಿಂದ ನಾನೂ ಅವರೂ ಶ್ರುತಿಪೆಟ್ಟಿಗೆ ಹೊತ್ತು ಹೋಗುತ್ತಿದ್ದೆವು. ಮೆಟ್ಟಿಲ ಮೇಲಿನ ಪುಟ್ಟ ಗುಡಿಗಳ ನಡುವೆ, ನೀರಿಗೆ ಹತ್ತಿರದ ಕಲ್ಲಿನ ಮೇಲೆ ಕೂತು, ಮೊದಲು ಬಾಯಿ ಮುಚ್ಚಿ, ಆಮೇಲೆ ತೆರೆದು, ಒಂದೊಂದೇ ಸ್ವರ. ಸುತ್ತಲೂ ಕಲ್ಲು. ಮೆಲ್ಲಗೆ ಬಿಟ್ಟ ದನಿಯೂ ಅಲ್ಲಿ ತುಂಬಿಕೊಂಡು ಹಿಂದಕ್ಕೆ ಬರುತ್ತಿತ್ತು. ತಳ್ಳುವ ಅಗತ್ಯವಿರಲಿಲ್ಲ. ತಳ್ಳದೆ ಇರುವುದನ್ನೇ ಅವರು ಕಲಿಯುತ್ತಿದ್ದರು.

ಮೇಲೆ ಮೇಕೆ ಮೇಯಿಸುತ್ತಿದ್ದ ಒಬ್ಬ ಮುದುಕಿ ಒಂದು ದಿನ ಬಗ್ಗಿ ನೋಡಿ ಕೇಳಿದಳು: "ಯಾರ್ನ ಕರೀತಾ ಇದ್ದೀಯಪ್ಪ ಆವಾಗಿಂದ? ಯಾರೂ ಬತ್ತಾ ಇಲ್ವಲ್ಲ!"

"ಬತ್ತೈತೆ ಕಣವ್ವ," ಎಂದರು ಭಾವ. "ನಿಧಾನಕ್ಕೆ ಬತ್ತೈತೆ."

ಬಂತು. ಆದರೆ ಮೂರನೆಯ ಕಪ್ಪಿಗೆ ಬರಲಿಲ್ಲ. ಎರಡನೆಯದಕ್ಕೂ ಇಲ್ಲ. ಒಂದನೆಯ ಕಪ್ಪಿನಲ್ಲಿ ಪದ್ಯ ಒಮ್ಮೆ ನೆಮ್ಮದಿಯಾಗಿ ನಿಲ್ಲುತ್ತಿತ್ತು. ಎರಡನೆಯ ಸಲ ಅದನ್ನೇ ಹಾಡಿದರೆ ತುದಿಯಲ್ಲಿ ಗೊರಗೊರ ಕೇಳುತ್ತಿತ್ತು. ಅದು ಇಬ್ಬರಿಗೂ ಕೇಳಿಸಿತು.

ಬೇಲೂರಿನಲ್ಲಿ ನಾಟಕ ನಿಗದಿಯಾದಾಗ ಭಾವ ನನ್ನನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಹೋದರು. ಅರ್ಧ ತಾಲ್ಲೂಕಿಗೆ ನಾಟಕ ಕಲಿಸಿದ ಮನುಷ್ಯ, ಕೂತಲ್ಲೇ ಪೆಟ್ಟಿಗೆಯ ತಿದಿ ಒತ್ತುತ್ತ ಮಾತಾಡುವವರು.

"ಕಪ್ಪು ಒಂದಾ?" ಎಂದರು ಮೇಷ್ಟ್ರು. "ಜನ ಬರೋದೇ ಕಪ್ಪು ಮೂರು ಕೇಳಕ್ಕೆ ಕಣಪ್ಪ. ಆನೆ ತೋರಿಸ್ತೀನಿ ಅಂತ ಕರೆದು ಎಮ್ಮೆ ತೋರ್ಸಕ್ಕಾಗುತ್ತಾ?"

"ಎಮ್ಮೆ ಹಾಲಾದ್ರೂ ಕೊಡುತ್ತೆ ಮೇಷ್ಟ್ರೇ."

ಮೇಷ್ಟ್ರು ನಕ್ಕರು. ನಗು ನಿಂತ ಮೇಲೆ ಕೇಳಿದರು: "ಸರಿ, ಒನ್ಸ್ ಮೋರ್ ಅಂದ್ರೆ?"

"ಹಾಡಲ್ಲ."

"ಹಾಡಲ್ಲ ಅಂದ್ರೆ? ಜನ ಕೇಳ್ದಾಗ ಬಾಯಿ ಮುಚ್ಕೊಂಡು ನಿಂತ ರಾಜನ್ನ ನಾನು ಇಷ್ಟು ವರ್ಷದಾಗೆ ನೋಡಿಲ್ಲ. ಬಾಯಿ ತಾನಾಗೇ ತಕ್ಕಳ್ತದೆ ಕಣಪ್ಪ. ನನ್ ಕೈಯೂ ಅಷ್ಟೇ, ಕೂಗು ಬಿದ್ರೆ ಅದು ನನ್ ಮಾತು ಕೇಳಲ್ಲ."

"ನೀವು ನುಡಿಸ್ಕಳಿ. ನಾನು ಹಾಡಲ್ಲ. ಒಂದ್ಸಲ ಹಾಡ್ತೀನಿ, ಪೂರ್ತಿ ಹಾಡ್ತೀನಿ. ಬೇಡ ಅಂದ್ರೆ ಬೇರೆ ರಾಜನ್ನ ನೋಡ್ಕಳಿ, ನಾನೇ ಬಂದು ಅವನಿಗೆ ಕಿರೀಟ ಕಟ್ತೀನಿ."

ಮೇಷ್ಟ್ರು ಪೆಟ್ಟಿಗೆಯ ಮೇಲೆ ಬೆರಳಾಡಿಸಿದರು. ಕೊನೆಗೆ ಒಂದನೆಯ ಕಪ್ಪನ್ನು ಒತ್ತಿ ಹಿಡಿದು, "ಹ್ಞೂಂ, ಎತ್ತು ನೋಡಣ," ಎಂದರು.

ಬೇಲೂರಿನ ನಾಟಕ ಹಗಲು ಹೊತ್ತಿನದು, ಸಮುದಾಯ ಭವನದ ಒಳಗೆ. ಆಗ ಆ ರೂಢಿ ಆಗಷ್ಟೇ ಶುರುವಾಗಿತ್ತು. ಅರೇಹಳ್ಳಿ ಕಡೆಯ ಬಸ್ಸಿನಿಂದಲೂ ಜನ ಬಂದಿದ್ದರು. ಕಿಟಕಿಯ ಬಿಸಿಲಿನಲ್ಲಿ ಎಲ್ಲರ ಮುಖ ಕಾಣುತ್ತಿತ್ತು. ಕತ್ತಲಿಗೆ ಹಾಡಿ ರೂಢಿಯಾದವರಿಗೆ ಅದೇ ಒಂದು ಕಷ್ಟ. ಮೊದಲ ಅಂಕದಲ್ಲೇ ಮುಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. "ಶ್ರುತಿ ಇಳ್ಸವ್ರೆ ಕಣ್ಲಾ." "ವಯಸ್ಸಾಯ್ತು ಬಿಡು." ಅದು ವೇದಿಕೆಯ ಮೇಲೆ ನನಗೆ ಕೇಳಿಸಿತು ಎಂದ ಮೇಲೆ ಭಾವನಿಗೂ ಕೇಳಿಸಿರಬೇಕು.

ಮಗ ಸತ್ತ. ರಾಜ ಕೂತು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ನಾನು ಎಡಗಡೆಗೆ ಬಂದು ನಿಂತೆ.

ಭಾವ ಹಾಡಿದರು. ಜಾವಗಲ್ಲಿನಲ್ಲಿ ಆ ಪದ್ಯ ಮೈದಾನದ ಕೊನೆಯವರೆಗೆ ಹೋಗಿ ಬಡಿಯುತ್ತಿತ್ತು. ಇಲ್ಲಿ ಅದು ಸತ್ತ ಮಗನಿಗಷ್ಟೇ ಹೇಳಿದ ಹಾಗಿತ್ತು, ಉಳಿದವರು ಹತ್ತಿರ ಬಂದು ಕೇಳಬೇಕು. ಎರಡನೆಯ ಸಾಲು ಏರಿ ನಿಲ್ಲುವ ಜಾಗ ಬಂದಾಗ ನಾನು ನೆಲ ನೋಡಿದೆ. ದನಿ ಏರಿತು, ನಿಂತಿತು, ಇಳಿಯಿತು. ಪದ್ಯ ಮುಗಿದಾಗ ಫ್ಯಾನುಗಳ ಸದ್ದು ಕೇಳುತ್ತಿತ್ತು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಕೂಗಿದ. "ಒನ್ಸ್ ಮೋರ್!" ನಾಲ್ಕಾರು ಜನ ಸೇರಿದರು, ಆಮೇಲೆ ಇಡೀ ಭವನ. ಮೇಷ್ಟ್ರ ಕೈ ಅವರು ಹೇಳಿದ ಹಾಗೆಯೇ ಅವರ ಮಾತು ಕೇಳಲಿಲ್ಲ, ಎತ್ತುಗಡೆ ಶುರುವಾಗಿಬಿಟ್ಟಿತು.

ಭಾವ ಉಸಿರು ತೆಗೆದುಕೊಂಡರು. ಇದನ್ನು ನಾನು ಕಣ್ಣಾರೆ ಕಂಡೆ. ಹೊಟ್ಟೆ ಉಬ್ಬಿತು, ಎದೆಯ ಹಾರ ಮೇಲೆದ್ದಿತು, ತುಟಿ ಬಿಡಿಸಿಕೊಂಡಿತು. ಎತ್ತುಗಡೆ ಪದ್ಯದ ಬಾಗಿಲಿಗೆ ಬಂದು ನಿಂತಿತು. ಆ ಉಸಿರು ಅಷ್ಟು ಹೊತ್ತು ಅವರ ಒಳಗೇ ಇತ್ತು. ಆಮೇಲೆ ಅದನ್ನು ಮೂಗಿನಿಂದ ಮೆಲ್ಲಗೆ, ಸದ್ದಿಲ್ಲದೆ ಬಿಟ್ಟು ತುಟಿ ಮುಚ್ಚಿದರು. ತೊಡೆಯ ಮೇಲಿನ ತಲೆಯನ್ನು ಎರಡೂ ಕೈಯಲ್ಲಿ ಎತ್ತಿ ನೆಲದ ಮೇಲಿಟ್ಟರು. ಹಾರ್ಮೋನಿಯಂ ಇನ್ನೊಂದು ಸುತ್ತು ನುಡಿದು, ತಡವರಿಸಿ, ನಿಂತಿತು.

ಮುಂದಿನ ಮಾತು ನನ್ನದು. "ಪ್ರಭು, ಹೊತ್ತು ಮೀರುತ್ತಿದೆ," ಎಂದೆ.

"ಏಯ್ ಮಂತ್ರಿ, ಬಾಯ್ಮುಚ್ಲಾ! ರಾಜ ಹಾಡ್ಲಿ!" ಎಂದು ಕೂಗು. ಸಿಳ್ಳೆ. ಮಧ್ಯದ ಸಾಲಿನಲ್ಲಿ ಇಬ್ಬರು ಎದ್ದು ಹೊರಗೆ ಹೋದರು. ಕುರ್ಚಿ ಬಡಿಯುವ ಸದ್ದು ಬಂತು. ಭಾವ ನೆಟ್ಟಗೆ ಎದ್ದು ನಿಂತು ಜನರ ಕಡೆ ಕೈಜೋಡಿಸಿದರು. ಕೈ ಇಳಿಸಲಿಲ್ಲ, ತಲೆ ತಗ್ಗಿಸಲಿಲ್ಲ, ಬಿಸಿಲಿನಲ್ಲಿ ಕಾಣುತ್ತಿದ್ದ ಆ ಮುಖಗಳನ್ನು ಒಂದೊಂದಾಗಿ ನೋಡುತ್ತ ನಿಂತರು. ಕೂಗು ಏರಿತು, ಹಾಗೇ ಇತ್ತು, ಆಮೇಲೆ ಅಲ್ಲಲ್ಲಿ ತೂತು ಬಿತ್ತು. ಪೂರ್ತಿ ನಿಲ್ಲುವ ಮೊದಲೇ ಅವರು ನನ್ನ ಕಡೆ ತಿರುಗಿ ರಾಜನ ಮಾತಿನಲ್ಲಿ ಹೇಳಿದರು: "ಹೌದು ಮಂತ್ರಿ, ಹೊತ್ತು ಮೀರುತ್ತಿದೆ. ನಡೆ."

ನಾಟಕ ನಡೆಯಿತು. ಅದಾದ ಮೇಲೆ ಅವರಿಗೆ ಇನ್ನೆರಡು ಪದ್ಯಗಳಿದ್ದವು. ಎರಡನ್ನೂ ಹಾಡಿದರು, ಒಂದೊಂದು ಸಲ. ಕೊನೆಯದಕ್ಕೆ ಯಾರೂ ಒನ್ಸ್ ಮೋರ್ ಕೂಗಲಿಲ್ಲ. ಅದು ಸಿಟ್ಟಿನಿಂದಲೋ ಬೇರೆ ಕಾರಣಕ್ಕೋ ನಮಗೆ ಗೊತ್ತಾಗಲಿಲ್ಲ.

ಒಳಗೆ ಭಾವ ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ಅಕ್ಕ ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು ನಿಂತು, ಮಾತಾಡಿಸಿ ಪರೀಕ್ಷೆ ಮಾಡುತ್ತಿದ್ದಳು. "ನನ್ ಹೆಸ್ರು ಕರೀರಿ ನೋಡಣ." ಕರೆದರು. "ಇನ್ನೊಂದ್ಸಲ," ಎಂದಳು. "ಹೋಗೇ," ಎಂದರು. ಆ ದನಿ ಬೆಳಿಗ್ಗೆ ಹೇಗಿತ್ತೋ ಹಾಗೇ ಇತ್ತು. ಅಕ್ಕ ಗೋಡೆಯ ಕಡೆ ತಿರುಗಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಆಗ ಅರೇಹಳ್ಳಿ ಕಡೆಯ ಒಬ್ಬ ಹಿರಿಯರು ಪರದೆ ಸರಿಸಿ ಬಂದರು. ಸಿಟ್ಟಾಗಿದ್ದರು. "ಏನ್ರೀ, ನಿಮ್ಮ ಪದ್ಯ ಕೇಳಬೇಕು ಅಂತ ಕೆಲಸ ಬಿಟ್ಟು ಬಂದಿದ್ದೀನಿ. ಅಷ್ಟು ಕೂಗಿದ್ರೂ ಹಾಡ್ಲಿಲ್ಲ. ಅಷ್ಟೊಂದು ದೊಡ್ಡಸ್ತಿಕೆನಾ?"

"ದೊಡ್ಡಸ್ತಿಕೆ ಅಲ್ಲ ಯಜಮಾನ್ರೇ. ಎರಡು ಸಲ ಹಾಡಿದ್ರೆ ಮುಂದಿನ ವರ್ಷ ಹಾಡಕ್ಕಾಗಲ್ಲ. ನಂಗೆ ಮುಂದಿನ ವರ್ಷನೂ ಹಾಡ್ಬೇಕು."

ಹಿರಿಯರು ಅವರ ಗಂಟಲನ್ನು ನೋಡಿದರು. ಅರ್ಧ ಒರೆಸಿದ ಬಣ್ಣದ ಕೆಳಗೆ ಅದು ಬರೀ ಒಂದು ಗಂಟಲು.

"ಒಂದೇ ಸಲ ಅಂತ ಮೊದ್ಲೇ ಹೇಳಬಾರದಿತ್ತೇನ್ರಿ?" ಎಂದರು. ದನಿ ಇಳಿದಿತ್ತು. "ಹೇಗೂ ಇನ್ನೊಂದ್ಸಲ ಹಾಡ್ತೀರಲ್ಲ ಅಂತ ನಾನು ಮಧ್ಯದಲ್ಲಿ ಪಕ್ಕದವನ ಹತ್ರ ಮಾತಾಡ್ತಾ ಇದ್ದೆ. ಮುಂದಿನ ಸಲ ಮೊದ್ಲೇ ಹೇಳಿ. ಸರಿಯಾಗಿ ಕೇಳ್ಕೊಂತೀವಿ."

"ಹೇಳ್ತೀನಿ," ಎಂದರು ಭಾವ.